ಕಂಡವರು ಹೇಳಬೇಕು

ಕಿಟಕಿ ಪಕ್ಕದ ಮಂಚದ ದಿಂಬಿನಿಂದ ಗವಸು ಕಳಚಿ ಮಂಜುಳಮ್ಮ ಮೂಗಿಗೆ ಹಿಡಿದು ನೋಡಿದಳು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಜಿಡ್ಡು, ಅದರ ಮೇಲೆ ನೀಲಗಿರಿ ಎಣ್ಣೆಯ ಘಾಟು, ಅಷ್ಟೆ. ಸಿಗರೇಟಿನದಾಗಲಿ, ತನಗೆ ಗೊತ್ತಿಲ್ಲದ ಇನ್ನಾವುದರದ್ದಾಗಲಿ ವಾಸನೆ ಇರಲಿಲ್ಲ. ಗವಸನ್ನು ಬಾಗಿಲ ಬಳಿಯ ರಾಶಿಗೆ ಎಸೆದು, ಹಾಸಿಗೆಯ ಮೂಲೆಯೆತ್ತಿ ಕೆಳಗೆ ಕೈಯಾಡಿಸಿದಳು. ಒಂದು ಹೇರ್‌ಪಿನ್ನು, ಬಸ್ ಪಾಸಿನ ಹಳೆಯ ಜೆರಾಕ್ಸು.

ಬೋಗಾದಿಯ ಈ ಮನೆಯ ಮಹಡಿಯನ್ನು ಹುಡುಗಿಯರ ಪೀಜಿ ಮಾಡಿ ಆರು ವರ್ಷವಾಗಿತ್ತು. ಸೋಮವಾರ ಹತ್ತೂವರೆಗೆ ಆರು ಜನ ಹುಡುಗಿಯರೂ ಕಾಲೇಜಿಗೆ ಹೋದಮೇಲೆ ಹಾಸು, ಗವಸು ತೆಗೆದು ಮೆಷಿನ್ನಿಗೆ ಹಾಕುವುದನ್ನು ಅವಳು ಒಂದು ವಾರವೂ ತಪ್ಪಿಸಿದವಳಲ್ಲ. ಇವತ್ತು ಮಾತ್ರ ಉಳಿದ ಐದು ಮಂಚಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿ, ಈ ಒಂದರ ಸುತ್ತ ಅರ್ಧ ಗಂಟೆಯಿಂದ ಸುಳಿಯುತ್ತಿದ್ದಳು. ಇದು ಸಿಂಚನಳ ಮಂಚ. ಬಿ.ಎಸ್‌ಸಿ. ಕೊನೆಯ ವರ್ಷದ ಆ ಹುಡುಗಿ ನಿನ್ನೆಯಿಂದ ಆಸ್ಪತ್ರೆಯಲ್ಲಿದ್ದಳು.

ಮೂರು ವಾರದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಸಿಂಚನ ಹಲ್ಲುಜ್ಜುತ್ತ ನಿಂತಲ್ಲೇ ಬಿದ್ದಿದ್ದಳು. ಜೊತೆಯ ಹುಡುಗಿ ರಕ್ಷಿತಾ ಕೂಗಿಕೊಂಡದ್ದಕ್ಕೆ ಮಂಜುಳಮ್ಮ ಸೌಟು ಹಿಡಿದೇ ಮೆಟ್ಟಿಲು ಹತ್ತಿದ್ದಳು. ಹುಡುಗಿಯ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು, ದವಡೆ ಕಚ್ಚಿಕೊಂಡಿತ್ತು. ಮೈ ಮೊದಲು ಕೊರಡಿನಂತೆ ಸೆಟೆದು, ಆಮೇಲೆ ಎರಡೂ ಕೈ ಎರಡೂ ಕಾಲು ಒಟ್ಟಿಗೇ ಅದುರತೊಡಗಿದವು. ಪಕ್ಕದ ಮನೆಯಾಕೆ ಕಬ್ಬಿಣದ ಬೀಗದಕೈ ತಂದು ಅಂಗೈಗೆ ತುರುಕಿದಳು. ಅದುರು ನಿಂತಿತು. ಎಚ್ಚರವಾದ ಸಿಂಚನ ತನ್ನ ಅಪ್ಪನಿಗೆ ಹೇಳಬೇಡಿ, ಹೇಳಿದರೆ ಊರಿಗೆ ಕರೆದುಕೊಂಡು ಹೋಗಿಬಿಡುತ್ತಾರೆ ಎಂದು ಅತ್ತಳು. ಮಂಜುಳಮ್ಮ ಹೇಳಲಿಲ್ಲ. ಶನಿವಾರದ ಉಪವಾಸದಿಂದ ತಲೆ ಸುತ್ತಿರಬೇಕು ಎಂದುಕೊಂಡಳು. ಪೀಜಿಯಲ್ಲಿ ಫಿಟ್ಸ್ ಬಂತಂತೆ ಎಂಬ ಮಾತು ಬೀದಿಗೆ ಬೀಳುವುದು ಅವಳಿಗೂ ಬೇಕಿರಲಿಲ್ಲ.

ನಿನ್ನೆ, ಮತ್ತೆ ಭಾನುವಾರ ಬೆಳಿಗ್ಗೆಯೇ, ಎರಡನೆಯ ಸಲ ಬಂತು. ಈ ಸಲ ಹೆಚ್ಚು ಹೊತ್ತು ಅದುರಿತು, ನಾಲಿಗೆ ಕಚ್ಚಿ ರಕ್ತ ಬಂತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದಾಯಿತು, ಬನ್ನೂರಿನಲ್ಲಿ ಗೂಡ್ಸ್ ಆಟೋ ಓಡಿಸುವ ಅವಳ ಅಪ್ಪ ಕೆಂಪಯ್ಯನಿಗೆ ಫೋನ್ ಮಾಡಿದ್ದೂ ಆಯಿತು.

ಆಗಿನಿಂದ ಮಂಜುಳಮ್ಮನ ತಲೆಯಲ್ಲಿ ಒಂದೇ ವಿಚಾರ. ಇದು ಮೊದಲಿನಿಂದ ಇದ್ದ ಕಾಯಿಲೆ, ಮುಚ್ಚಿಟ್ಟು ತನ್ನ ಮನೆಗೆ ತಂದು ಬಿಟ್ಟಿದ್ದಾರೆ. ಇಲ್ಲವೇ ಹುಡುಗಿ ಏನೋ ತೆಗೆದುಕೊಳ್ಳುತ್ತಿದ್ದಾಳೆ. ಪೇಪರಿನಲ್ಲಿ ದಿನಾ ಓದುವುದಿಲ್ಲವೇ, ಸ್ಟೂಡೆಂಟುಗಳು, ಮಾತ್ರೆ, ಪೌಡರು ಎಂದು. ರಸಾಯನಶಾಸ್ತ್ರ ಬೇರೆ ಓದುತ್ತಾಳೆ. ಬೆಳಿಗ್ಗೆ ಏಳಕ್ಕೇ ಇನ್ನೊಬ್ಬ ಹುಡುಗಿ ಲಾಸ್ಯಳ ತಾಯಿ ಫೋನ್ ಮಾಡಿ, ಅದು ಅಂಟುವ ಕಾಯಿಲೆಯಾ ಎಂದು ಕೇಳಿದ್ದಳು. ಅಂಟುವುದು ಬೇರೆಯದೇ ಎಂದು ಮಂಜುಳಮ್ಮನಿಗೆ ಗೊತ್ತಿತ್ತು. ಒಬ್ಬಳು ಹೋದರೆ ಆರೂ ಜನ ಹೋಗುತ್ತಾರೆ.

ಬೀರುವಿನ ಕೆಳಗಿನ ಅರೆಯಲ್ಲಿ, ಪ್ರಾಕ್ಟಿಕಲ್ ರೆಕಾರ್ಡುಗಳ ಸಂದಿಯಲ್ಲಿ, ಕಡೆಗೂ ಸಿಕ್ಕಿತು. ಅರ್ಧ ಖಾಲಿಯಾದ ಮಾತ್ರೆಯ ಹಾಳೆ. ಕೆಂಪು ಮಾತ್ರೆಗಳು. ಹೆಸರು ಹರಿದುಹೋಗಿತ್ತು. ಮಂಜುಳಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಟ್ಟೆಯ ರಾಶಿಯನ್ನು ಎತ್ತಿಕೊಂಡು ಕೆಳಗಿಳಿದಳು. ಹೆದರಿಕೆಯಾಗಿತ್ತು. ಅದರಲ್ಲಿ ಸಮಾಧಾನವೂ ಸ್ವಲ್ಪ ಬೆರೆತಿತ್ತು.

ಅವಳ ಗಂಡ ಬಸವರಾಜುವಿಗೆ ಮಾರುಕಟ್ಟೆಯ ಹತ್ತಿರ ಗ್ರಂಧಿಗೆ ಅಂಗಡಿ. ಒಣಶುಂಠಿ, ಬಜೆ, ಕರ್ಪೂರ, ವಿಭೂತಿ, ಪೂಜೆಯ ಸಾಮಾನು, ಎಲ್ಲ ಸಿಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದವನ ಕೈಗೆ ಮಾತ್ರೆಯ ಹಾಳೆ ಕೊಟ್ಟು, ಅಂಗಡಿ ಪಕ್ಕದ ಮೆಡಿಕಲ್ ಸ್ಟೋರಿನ ಶಿವಕುಮಾರನಿಗೆ ತೋರಿಸಿಕೊಂಡು ಬರಲು ಹೇಳಿದಳು. ಸಂಜೆ ಬಸವರಾಜು ಅದನ್ನು ಮೇಜಿನ ಮೇಲೆ ಹಾಕಿ ಚಪ್ಪಲಿ ಬಿಟ್ಟ.

“ಕಬ್ಬಿಣದ ಮಾತ್ರೆ ಕಣೆ. ರಕ್ತ ಕಮ್ಮಿ ಇರೋ ಹೆಣ್ಣುಮಕ್ಕಳಿಗೆ ಕಾಲೇಜಲ್ಲೇ ಹಂಚ್ತಾರಂತೆ. ನೀನು ಪೊಲೀಸ್ ಇಲಾಖೆಗೆ ಸೇರ್ಬೇಕಿತ್ತು ಬುಡು.”

ಹುಡುಗಿಯ ಮೇಲೆ ತಪ್ಪಿಲ್ಲ ಎಂದು ತಿಳಿದಾಗ ಖುಷಿಯಾಗಬೇಕಿತ್ತು. ಮಂಜುಳಮ್ಮನಿಗೆ ಬೇಜಾರಾಯಿತು. ಮಾರನೆಯ ದಿನ ಹಾಳೆಯನ್ನು ಇದ್ದಲ್ಲಿಗೇ ಸೇರಿಸಿದಳು.

ಮಂಗಳವಾರ ಹನ್ನೊಂದಕ್ಕೆ ಆಸ್ಪತ್ರೆಯಿಂದ ಕರೆ ಬಂತು. ಫಿಟ್ಸ್ ಬಂದಾಗ ಎದುರಿಗಿದ್ದವರು ಯಾರಾದರೂ ಬರಬೇಕಂತೆ. ರಕ್ಷಿತಾಗೆ ಪರೀಕ್ಷೆಯಿತ್ತು. ಮಂಜುಳಮ್ಮನೇ ಹೋದಳು.

ಡಾಕ್ಟರ್ ಶಾಲಿನಿ ಎಂಬಾಕೆ ನಲವತ್ತರ ಹೆಂಗಸು, ನಿಧಾನವಾಗಿ ಮಾತಾಡುವವಳು. ಸಿಂಚನಳನ್ನು ತಲೆಗೆ ವೈರು ಅಂಟಿಸಿ ಮಿದುಳಿನ ವಿದ್ಯುತ್ತನ್ನು ನೋಡುವ ಪರೀಕ್ಷೆಗೆ ಕರೆದೊಯ್ದಿದ್ದರು. ಕೋಣೆಯಲ್ಲಿ ಕೆಂಪಯ್ಯ ಮಾತ್ರ ಇದ್ದ. ಮೂರು ದಿನದ ಗಡ್ಡ, ಕಾಲರಿನ ಒಳಗೆ ಮಡಿಸಿಟ್ಟ ಕರ್ಚೀಫು. ಮಂಜುಳಮ್ಮ ಕುರ್ಚಿಯಲ್ಲಿ ಕೂತಾಗ ಅವನು ತನ್ನ ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡ. ಅವಳು ಅದನ್ನು ಗಮನಿಸಿದಳು.

“ಬಿದ್ದವಳಿಗೆ ಏನೂ ನೆನಪಿರಲ್ಲ” ಎಂದಳು ಡಾಕ್ಟರು. “ಒಂದೊಂದ್ಸಲ ಸ್ಕ್ಯಾನಿಗೂ ಗೊತ್ತಾಗಲ್ಲ. ಕಂಡವರು ಹೇಳಬೇಕು.”

ಮಂಜುಳಮ್ಮ ಹೇಳಿದಳು. ಕಣ್ಣು ಯಾವ ಕಡೆಗಿತ್ತು, ಅದುರು ಒಂದೇ ಕೈಯಿಂದ ಶುರುವಾಯಿತೋ ಎರಡೂ ಕಡೆಯೋ, ಎಷ್ಟು ನಿಮಿಷ, ಎದ್ದಮೇಲೆ ಎಷ್ಟು ಹೊತ್ತು ಮಂಕಾಗಿದ್ದಳು. ಅವಳ ಕಣ್ಣು ಚುರುಕು; ಕೇಳಿದ್ದಕ್ಕೆಲ್ಲ ಉತ್ತರವಿತ್ತು. ಬೀಗದಕೈಯ ವಿಷಯ ಹೇಳಿದಾಗ ಡಾಕ್ಟರು ನಗಲಿಲ್ಲ. ಅದುರು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಕಬ್ಬಿಣ ಕೊಟ್ಟ ಹೊತ್ತಿಗೇ ನಿಂತದ್ದರಿಂದ ಕಬ್ಬಿಣವೇ ನಿಲ್ಲಿಸಿತು ಅನ್ನಿಸುತ್ತದೆ ಎಂದಳು. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಇಡಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು, ಅಷ್ಟೆ.

ಆಮೇಲೆ ಕೆಂಪಯ್ಯನ ಕಡೆ ತಿರುಗಿದಳು. “ಫಿಟ್ಸ್ ಅನ್ನೋದೇ ಒಂದು ಕಾಯಿಲೆ ಅಂದ್ಕೋಬೇಡಿ. ಅದು ಜ್ವರ ಇದ್ದ ಹಾಗೆ. ಜ್ವರ ಬಂದ್ರೆ ಯಾಕೆ ಬಂತು ಅಂತ ಹುಡುಕ್ತೀವಲ್ವಾ, ಇದೂ ಹಾಗೇ.”

ರಕ್ತದಲ್ಲಿ ಸಕ್ಕರೆ ಇಳಿದರೂ ಬರುತ್ತದೆ, ಉಪ್ಪಿನಂಶ ಇಳಿದರೂ ಬರುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರೆ, ಮಿದುಳಿಗೆ ಸೋಂಕು ತಗುಲಿದ್ದರೆ, ಗಡ್ಡೆ ಇದ್ದರೆ ಬರಬಹುದು. ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯ ಜೊತೆ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ, ಹುಳು ಮಿದುಳಿನಲ್ಲಿ ಗೂಡು ಮಾಡಿದರೂ ಬರುತ್ತದೆ. ಹೀಗೆ ಒಂದೊಂದೇ ಹೇಳುತ್ತಾ ಹೋದಳು. ಹುಳುವಿನ ಮಾತು ಬಂದಾಗ ಕೆಂಪಯ್ಯ ಮೊದಲ ಬಾರಿ ಮಂಜುಳಮ್ಮನ ಮುಖ ನೋಡಿದ.

“ಸೊಪ್ಪು ಎಷ್ಟು ಸಲ ತೊಳೀತೀರಿ ಅಮ್ಮಾವ್ರೆ?”

“ಮೂರು ಸಲ. ನಿಮ್ಮನೇಲಿ ಎಷ್ಟು ಸಲ?”

“ನಮ್ಮನೇಲಿ ಹತ್ತೊಂಬತ್ತು ವರ್ಷ ಉಂಡ್ಲು, ಏನೂ ಆಗ್ನಿಲ್ಲ. ನಿಮ್ಮನೇಲಿ ಎರಡು ವರ್ಷ ಉಂಡಿದ್ದಕ್ಕೆ ಇಂಗಾಯ್ತು. ಅದಕ್ಕೇ ಕೇಳ್ದೆ.”

ಡಾಕ್ಟರು ನಡುವೆ ಬಂದು, ಸ್ಕ್ಯಾನಿನಲ್ಲಿ ಹುಳುವಿಲ್ಲ, ಗಡ್ಡೆಯಿಲ್ಲ, ರಕ್ತದ ಪರೀಕ್ಷೆಗಳೂ ಸರಿಯಾಗಿವೆ ಎಂದಳು. ಕಾರಣ ಸಿಕ್ಕರೆ ಕಾರಣವನ್ನು ತೆಗೆದರೆ ಸಾಕು, ಸಾಮಾನ್ಯವಾಗಿ ವರ್ಷಗಟ್ಟಲೆ ಮಾತ್ರೆ ಬೇಕಾಗುವುದಿಲ್ಲ. ಕಾರಣ ಸಿಗದೆ ಎರಡು ಸಲ ಬಂದಿದೆ ಅಂದರೆ ಮೂರ್ಛೆರೋಗ ಎಂದೇ ಲೆಕ್ಕ. ಎರಡು ಮೂರು ವರ್ಷ ಮಾತ್ರೆ, ಗಾಡಿ ಓಡಿಸುವಂತಿಲ್ಲ, ಬಾವಿ ಕೆರೆ ಬೆಂಕಿಯ ಹತ್ತಿರ ಒಬ್ಬಳೇ ಇರುವಂತಿಲ್ಲ. ಇಷ್ಟು ಹೇಳಿ ಮತ್ತೆ ಮಂಜುಳಮ್ಮನ ಕಡೆ ನೋಡಿದಳು.

“ಎರಡು ಸಲಾನೂ ಹಿಂದಿನ ದಿನ ಶೀತ ಆಗಿತ್ತು ಅಂದ್ಲು. ಔಷಧಿ ಏನಾದ್ರೂ ತಗೊಂಡ್ಯಾ ಅಂದ್ರೆ ಏನೂ ಇಲ್ಲ ಅಂದ್ಲು. ಮನೆಮದ್ದು? ಕರ್ಪೂರ, ನೀಲಗಿರಿ ಎಣ್ಣೆ ಥರದ್ದು? ಹಚ್ಚಿದ್ರೂ, ಹಬೆ ತಗೊಂಡ್ರೂ ಕೆಲವರಿಗೆ ಅದರಿಂದ್ಲೇ ಫಿಟ್ಸ್ ಬರುತ್ತೆ. ಎಲ್ಲರಿಗೂ ಅಲ್ಲ.”

ಕೆಂಪಯ್ಯನ ಕಣ್ಣು ತನ್ನ ಕೆನ್ನೆಯ ಮೇಲೆ ಇರುವುದು ಮಂಜುಳಮ್ಮನಿಗೆ ತಿರುಗಿ ನೋಡದೆಯೇ ಗೊತ್ತಾಯಿತು.

“ಇಲ್ಲ” ಎಂದಳು.

ಆ ಮಾತು ಯೋಚಿಸುವ ಮೊದಲೇ ಹೊರಬಿದ್ದಿತ್ತು. ಯೋಚಿಸಿದಮೇಲೂ ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಡಾಕ್ಟರು ಕಾಗದದ ಮೇಲೆ ಏನೋ ಒಂದು ಗೆರೆ ಎಳೆದಳು.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ಬಂದದ್ದು ಸಿಟ್ಟು. ಈ ಡಾಕ್ಟರುಗಳೇ ಹೀಗೆ, ಮಾತ್ರೆ ಬಿಟ್ಟು ಬೇರೆಲ್ಲವೂ ವಿಷ ಅವರಿಗೆ. ಶೀತದ ಎಣ್ಣೆ ಮಾಡುವುದನ್ನು ಅವಳಿಗೆ ಕಲಿಸಿದ್ದು ಅತ್ತೆ. ಕೊಬ್ಬರಿ ಎಣ್ಣೆಗೆ ಕರ್ಪೂರ, ನೀಲಗಿರಿ ಎಣ್ಣೆ, ಓಮದ ಹೂ ಹಾಕಿ ಬಿಸಿಲಿಗಿಟ್ಟು ಕರಗಿಸಬೇಕು. ಬೀದಿಯಲ್ಲಿ ಯಾರ ಮನೆಯಲ್ಲಿ ಸೀನು ಕೇಳಿದರೂ ಬಟ್ಟಲು ಹಿಡಿದು ಬರುವುದು ಅವಳ ಬಾಗಿಲಿಗೇ. ಪೀಜಿಯ ಹುಡುಗಿಯರಿಗೂ ಅಷ್ಟೇ. ಅದನ್ನು ಯಾರೂ ಔಷಧಿ ಎನ್ನುವುದಿಲ್ಲ. ನೀರು ಕುಡಿದೆಯಾ ಎಂದರೆ ಔಷಧಿ ಕುಡಿದೆ ಎನ್ನುತ್ತಾರೆಯೇ? ಸಿಂಚನ ಏನೂ ತೆಗೆದುಕೊಂಡಿಲ್ಲ ಎಂದದ್ದು ಸುಳ್ಳಲ್ಲ, ಅವಳಿಗೆ ಹೊಳೆದೇ ಇಲ್ಲ.

ಸಂಜೆ ಕಾಫಿ ಕೊಡುತ್ತ ಗಂಡನನ್ನು ಸುತ್ತುಬಳಸಿ ಕೇಳಿದಳು. ಕರ್ಪೂರದಿಂದ ಫಿಟ್ಸ್ ಬರುತ್ತದಂತೆ, ಹೌದಾ?

“ಹಂಗಿದ್ರೆ ನಮ್ಮ ಮಠದ ಸ್ವಾಮಿಗಳೆಲ್ಲ ಮಂಗಳಾರತಿ ಹೊತ್ತಿಗೆ ಬಿದ್ದು ಒದ್ದಾಡ್ಬೇಕಿತ್ತು” ಎಂದ ಬಸವರಾಜು. “ಯಾರು ಹೇಳಿದ್ದು?”

“ಯಾರೋ ಬಸ್ಸಲ್ಲಿ ಮಾತಾಡ್ತಿದ್ರು.”

ಆ ನಗೆಮಾತು ಅವಳನ್ನು ಕಾಫಿ ಲೋಟ ತೊಳೆಯುವವರೆಗೆ ಕಾಪಾಡಿತು. ತೊಳೆಯುತ್ತ ನಿಂತಾಗ ದಿನಗಳು ತಾವಾಗಿಯೇ ಸಾಲುಗಟ್ಟಿ ಬಂದವು. ಮೊದಲ ಸಲ ಶನಿವಾರ ಸಂಜೆ ಮೂಗು ಕಟ್ಟಿದೆ ಎಂದು ಸಿಂಚನ ಕೆಳಗೆ ಬಂದಿದ್ದಳು. ಕುದಿಯುವ ನೀರಿಗೆ ಎರಡು ಚಮಚ ಎಣ್ಣೆ ಹಾಕಿ, ಕಂಬಳಿ ಮುಚ್ಚಿ ಹಬೆ ಕೊಡಿಸಿದ್ದು ತಾನು. ಎದೆಗೆ, ಬೆನ್ನಿಗೆ ತಿಕ್ಕಿದ್ದು ತಾನು. ಭಾನುವಾರ ಎದ್ದ ತಕ್ಷಣ ಇನ್ನೊಂದು ಸಲ ತಿಕ್ಕಿದ್ದು, ದಿಂಬಿಗೂ ನಾಲ್ಕು ಹನಿ ಹಾಕಿದ್ದು ತಾನು. ಒಂದು ಗಂಟೆಯೂ ಕಳೆದಿರಲಿಲ್ಲ, ರಕ್ಷಿತಾ ಕೂಗಿದಳು. ನಡುವಿನ ದಿನಗಳಲ್ಲಿ ಎಣ್ಣೆಯಿಲ್ಲ, ಫಿಟ್ಸೂ ಇಲ್ಲ. ಎರಡನೆಯ ಸಲ ಮತ್ತೆ ಶನಿವಾರ, ಮತ್ತೆ ಶೀತ. ಹೋದ ಸಲ ಮೂಗು ಎಷ್ಟು ಬೇಗ ಬಿಟ್ಟಿತು ಆಂಟಿ ಎಂದು ಹುಡುಗಿ ಹೊಗಳಿದ್ದಕ್ಕೆ, ಈ ಸಲ ಹೊಸದಾಗಿ ಮಾಡಿದ ಸೀಸೆಗೆ ಕರ್ಪೂರ ದುಪ್ಪಟ್ಟು ಬಿದ್ದಿತ್ತು. ಅಂಗಡಿಯಿಂದ ಬಂದ ಪೊಟ್ಟಣವನ್ನು ಅಳೆಯದೆ ಸುರಿದಿದ್ದಳು. ಈ ಸಲ ಅದುರು ಬೇಗ ನಿಂತಿರಲಿಲ್ಲ.

ಆದರೂ ಅವಳು ಬಿಡಲಿಲ್ಲ. ಉಳಿದ ಹುಡುಗಿಯರಿಗೆ ಯಾಕೆ ಬರಲಿಲ್ಲ? ಲಾಸ್ಯಾಗೂ ತಿಕ್ಕಿದ್ದೆನಲ್ಲ? ಎಲ್ಲರಿಗೂ ಅಲ್ಲ ಎಂದಿದ್ದಳು ಡಾಕ್ಟರು. ಆ ಒಂದು ಮಾತು ಎಲ್ಲ ಬಾಗಿಲುಗಳನ್ನೂ ಮುಚ್ಚುತ್ತಿತ್ತು. ಬುಧವಾರ, ಗುರುವಾರ ಎರಡು ದಿನ ಅವಳು ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ರುಚಿ ನೋಡಿದಳು. ರಕ್ಷಿತಾ ಸುಮ್ಮನೆ ತನ್ನ ಕಡೆ ನೋಡಿದರೂ, ಇವಳಿಗೆ ಗೊತ್ತಾಗಿದೆ, ಇವಳೇ ಹೇಳಿಬಿಡುತ್ತಾಳೆ ಅನ್ನಿಸುತ್ತಿತ್ತು. ರಕ್ಷಿತಾ ನೋಡಿದ್ದು ಇನ್ನೊಂದು ದೋಸೆಗಾಗಿ.

ಶುಕ್ರವಾರ ನಾಲ್ಕು ಗಂಟೆಗೆ ಕೆಂಪಯ್ಯನ ಗೂಡ್ಸ್ ಆಟೋ ಬಾಗಿಲ ಮುಂದೆ ನಿಂತಿತು. ಸಿಂಚನ ಇಳಿದಳು. ಮಾತ್ರೆ ಶುರುವಾಗಿ ಮೂರು ದಿನವಾಗಿತ್ತು, ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ವೈರಿನ ಪರೀಕ್ಷೆಯಲ್ಲೂ ಏನೂ ಸಿಕ್ಕಿರಲಿಲ್ಲವಂತೆ. ಸಾಮಾನು ಕಟ್ಟಲು ಅವಳು ಮೇಲೆ ಹೋದಮೇಲೆ ಕೆಂಪಯ್ಯ ಹೊಸಿಲಿನ ಹೊರಗೇ ನಿಂತು ಕರ್ಚೀಫಿನಿಂದ ಕತ್ತು ಒರೆಸಿಕೊಂಡ.

“ಸೋಮವಾರ ಕಾಲೇಜಿಗೆ ಬಂದು ಟೀಸಿ ತಗೊಂಡೋಯ್ತೀನಿ ಅಮ್ಮಾವ್ರೆ. ಸಾಕು ಓದಿದ್ದು. ಲ್ಯಾಬಲ್ಲಿ ಬೆಂಕಿ ಮುಂದೆ ನಿಂತಾಗ ಬಂದ್ಬುಟ್ರೆ ಯಾರು ನೋಡ್ತಾರೆ?”

ಮಂಜುಳಮ್ಮ ಒಳಗೆ ಬನ್ನಿ ಎಂದಳು. ಅವನು ಬರಲಿಲ್ಲ. ನೆಲ ನೋಡುತ್ತಲೇ ಹೇಳಿದ.

“ಅವತ್ತು ನಿಮ್ ಮ್ಯಾಲೆ ಅನುಮಾನ ಪಟ್ಕಂಡು ಏನೇನೋ ಅಂದ್ಬುಟ್ಟೆ. ಮನಸ್ಸಿಗೆ ಆಕ್ಕೋಬೇಡಿ. ಹೆತ್ತವ್ರು ಇಲ್ದಾಗ ನೀವೇ ಎತ್ಕಂಡೋಗಿದ್ದು.”

ಅವಳಿಗೆ ಕುರ್ಚಿ ಸರಿಸಿಕೊಂಡ ಕೆಂಪಯ್ಯನೇ ವಾಸಿ ಅನ್ನಿಸಿತು. ನೀರು ತರುತ್ತೇನೆ ಎಂದು ಒಳಗೆ ಬಂದು, ನೀರು ಕೊಟ್ಟು, ಮಹಡಿ ಹತ್ತಿದಳು.

ಸಿಂಚನ ರೆಕಾರ್ಡ್ ಪುಸ್ತಕಗಳನ್ನು ಚೀಲಕ್ಕೆ ಹಾಕುತ್ತಿರಲಿಲ್ಲ, ರಕ್ಷಿತಾಳ ಮೇಜಿನ ಮೇಲೆ ಇಡುತ್ತಿದ್ದಳು. ಯಾರಿಗಾದರೂ ಬೇಕಾದರೆ ಉಪಯೋಗಕ್ಕೆ ಬರಲಿ ಎಂದಳು. ಅಳಲಿಲ್ಲ. ಅಳಲೂ ಮಾತ್ರೆ ಬಿಡುತ್ತಿರಲಿಲ್ಲವೋ ಏನೋ. ಊರಿನಲ್ಲಿ ಈಗಾಗಲೇ ಸುದ್ದಿ ಹರಡಿದೆಯಂತೆ. ಕೊಳ್ಳೇಗಾಲದ ಕಡೆ ಯಾರೋ ತಾಯತ ಕಟ್ಟುವವರಿದ್ದಾರೆಂದು ಅಜ್ಜಿ ಹಟ ಹಿಡಿದು ಕೂತಿದ್ದಾಳಂತೆ. ಇದನ್ನೆಲ್ಲ ಬೇರೆ ಯಾರದೋ ಸಮಾಚಾರದಂತೆ ಹೇಳಿದಳು. ಕೊನೆಗೆ ಚೀಲದ ಜಿಪ್ಪು ಎಳೆದು ತಲೆಯೆತ್ತಿದಳು.

“ಆಂಟಿ, ನಿಮ್ಮ ಶೀತದ ಎಣ್ಣೆ ಒಂದು ಚಿಕ್ಕ ಬಾಟಲಿ ಕೊಡ್ತೀರಾ? ನಮ್ಮನೇಲಿ ಯಾರಿಗೂ ಮಾಡಕ್ಕೆ ಬರಲ್ಲ.”

ಮಂಜುಳಮ್ಮನ ಕೈ ಮಂಚದ ಕಂಬಿಯ ಮೇಲಿತ್ತು. ಕಂಬಿ ತಣ್ಣಗಿತ್ತು.

“ಮುಗಿದೋಗಿದೆ ಕಣಮ್ಮ.”

“ಹೆಂಗೆ ಮಾಡೋದು ಅಂತಾದ್ರೂ ಹೇಳಿ. ಅಮ್ಮನ ಕೈಲಿ ಮಾಡಿಸ್ಕೋತೀನಿ.”

“ಬೇಡ. ಮಾತ್ರೆ ನುಂಗೋವಾಗ ಯಾವ ಎಣ್ಣೇನೂ ಹಚ್ಚಬಾರದು, ಹಬೇನೂ ಬೇಡ. ಡಾಕ್ಟರನ್ನ ಕೇಳ್ದೇನೆ ಏನೂ ಮಾಡ್ಕೋಬೇಡ. ನನ್ನಾಣೆ.”

ಸಿಂಚನ ಆಗಲಿ ಎಂದು ತಲೆಯಾಡಿಸಿದಳು. ಅವಳು ಮೊದಲಿನಿಂದಲೂ ಹಾಗೆಯೇ, ಹೇಳಿದ್ದನ್ನು ನಂಬುವವಳು.

ಆಟೋ ತಿರುವು ದಾಟಿ ಹೋದಮೇಲೆ ಮಂಜುಳಮ್ಮ ಅಡುಗೆಮನೆಗೆ ಬಂದು ರಾತ್ರಿಯ ಸಾರಿಗೆ ಬೇಳೆ ತೊಳೆಯಲು ಕುಳಿತಳು. ಇಷ್ಟು ಸಾಕಲ್ಲವೇ ಎಂದು ತನ್ನನ್ನೇ ಕೇಳಿಕೊಂಡಳು. ಎಣ್ಣೆ ಹಚ್ಚದಿದ್ದರೆ ಫಿಟ್ಸ್ ಬರುವುದಿಲ್ಲ. ಫಿಟ್ಸ್ ಬರದಿದ್ದರೆ ಎರಡು ಮೂರು ವರ್ಷದಲ್ಲಿ ಮಾತ್ರೆಯೂ ನಿಲ್ಲುತ್ತದೆ. ಯಾರ ಮನೆಯೂ ಮುಳುಗುವುದಿಲ್ಲ, ಪೀಜಿಯೂ ನಡೆಯುತ್ತದೆ. ಹೀಗೆ ಎಷ್ಟು ಚೆನ್ನಾಗಿ ಎಲ್ಲ ಸರಿಹೋಗುತ್ತದೆ ಎಂದು ಅವಳಿಗೇ ಆಶ್ಚರ್ಯವಾಯಿತು. ಇಷ್ಟು ಚೆನ್ನಾಗಿ ಸರಿಹೋಗುವ ಮಾತನ್ನು ಬೇರೆ ಯಾರಾದರೂ ತನ್ನೆದುರು ಹೇಳಿದ್ದರೆ ತಾನು ನಂಬುತ್ತಿದ್ದೆನೇ?

ನಂಬುತ್ತಿರಲಿಲ್ಲ. ಬೀರು ತೆಗೆದು ನೋಡುತ್ತಿದ್ದಳು.

ಮಾತ್ರೆ ನಿಂತರೂ ಹೆಸರು ನಿಲ್ಲುವುದಿಲ್ಲ. ಫಿಟ್ಸ್ ಹುಡುಗಿ ಎಂಬುದು ಬನ್ನೂರಿನ ಸುತ್ತ ಹತ್ತು ಊರಿಗೆ ಗೊತ್ತಾದಮೇಲೆ ಅದನ್ನು ಒರೆಸುವ ಬಟ್ಟೆ ಇನ್ನೂ ನೇಯ್ದಿಲ್ಲ. ಕೊನೆಯ ವರ್ಷದ ಪರೀಕ್ಷೆಗೆ ಇನ್ನು ಎರಡೇ ತಿಂಗಳು. ಸೋಮವಾರ ಟೀಸಿ. ಎಣ್ಣೆ ಹಚ್ಚಿದ್ದರು ಎಂಬ ಒಂದು ಸಾಲು ಆ ಡಾಕ್ಟರ ಕಾಗದದ ಮೇಲೆ ಬಿದ್ದರೆ ಎಲ್ಲ ಬೇರೆಯಾಗಬಹುದು, ಆಗದೆಯೂ ಇರಬಹುದು. ಅದನ್ನು ತಿಳಿಯಬೇಕಾದವಳು ಡಾಕ್ಟರು, ತಾನಲ್ಲ. ಹೇಳಿದರೆ ಕೆಂಪಯ್ಯ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಈ ಸಲ ನೆಲ ನೋಡುವುದಿಲ್ಲ. ಬೀದಿಯವರು ಬಟ್ಟಲು ಹಿಡಿದು ಬರುವುದಿಲ್ಲ. ಲಾಸ್ಯಳ ತಾಯಿ ಮೊದಲ ದಿನವೇ ಮಗಳನ್ನು ಕರೆದೊಯ್ಯುತ್ತಾಳೆ. ಆಗುವುದೆಲ್ಲ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಕಣ್ಣು ಚುರುಕು.

ಆಸ್ಪತ್ರೆಯ ಗೋಡೆಯ ಮೇಲೆ ಡಾಕ್ಟರ್ ಶಾಲಿನಿಯ ಹೆಸರಿನ ಕೆಳಗೆ ಶನಿವಾರ ಒಂಬತ್ತರಿಂದ ಹನ್ನೆರಡು ಎಂದು ಬರೆದಿದ್ದು ನೆನಪಿತ್ತು. ಎಂಟಕ್ಕೆ ಹೊರಟರೆ ಚೀಟಿಯ ಸಾಲಿನಲ್ಲಿ ಮುಂದೆ ಸಿಗಬಹುದು.

ಬೇಳೆಯನ್ನು ಕುಕ್ಕರಿಗೆ ಹಾಕಿ, ರಕ್ಷಿತಾಳನ್ನು ಕೂಗಿ ಕರೆದಳು. ನಾಳೆ ಬೆಳಿಗ್ಗೆ ಉಪ್ಪಿಟ್ಟು ಮಾಡಿಟ್ಟಿರುತ್ತೇನೆ, ಎಲ್ಲರಿಗೂ ಬಡಿಸಿಬಿಡು, ಅಂಕಲ್ಲಿಗೆ ಡಬ್ಬಿ ಕಟ್ಟಿಡು ಎಂದಳು.

“ನೀವೆಲ್ಲಿಗೆ ಹೋಗ್ತಿದ್ದೀರಾ ಆಂಟಿ?”

“ಸ್ವಲ್ಪ ಕೆಲಸ ಇದೆ ಕಣಮ್ಮ” ಎಂದಳು ಮಂಜುಳಮ್ಮ. ಕುಕ್ಕರಿನ ಮುಚ್ಚಳ ಹಾಕಿ, ಒಲೆ ಹಚ್ಚಿದಳು.